ನಮ್ಮ ಅಜ್ಜನ ಫ್ಲೆಮಿಂಗ್ ಸಾಹೇಬರು

ಪಿಂಪ್ರಿಯಲ್ಲಿರುವ ನಮ್ಮ ಮನೆಯ ಗೋಡೆಯ ಮೇಲೆ ಮೂರು ಫೋಟೊಗಳಿವೆ. ಒಂದು ವಿಜಯಪುರದ ಸಿದ್ಧೇಶ್ವರನದು. ಇನ್ನೊಂದು ತೀರಿಹೋದ ನಮ್ಮ ಅಜ್ಜಿಯದು. ಮೂರನೆಯದು ಒಬ್ಬ ಬಿಳಿಯ ಮನುಷ್ಯನದು: ನರೆತ ಕೂದಲು, ಕೊರಳಲ್ಲಿ ಬೋ ಟೈ, ಕೈಯಲ್ಲೊಂದು ಗಾಜಿನ ತಟ್ಟೆ. ಚಿಕ್ಕವನಿದ್ದಾಗ ನಾನು ಇವರೂ ನಮ್ಮ ಬಳಗದವರೇ ಇರಬೇಕೆಂದು ತಿಳಿದು ಮೂವರಿಗೂ ಕೈಮುಗಿಯುತ್ತಿದ್ದೆ. ಖಂಡೇಪೂಜೆಯ ದಿನ ಅಜ್ಜ ಆ ಫೋಟೊಕ್ಕೂ ಒಂದು ಚೆಂಡುಹೂವು ಏರಿಸುವುದನ್ನು ನೋಡಿದವನಿಗೆ ಬೇರೆ ಹೇಗೆ ಅನ್ನಿಸಬೇಕು?

ಅವರು ಸರ್ ಅಲೆಕ್ಸಾಂಡರ್ ಫ್ಲೆಮಿಂಗ್. ಅಜ್ಜನ ಬಾಯಲ್ಲಿ ಫ್ಲೆಮಿಂಗ್ ಸಾಹೇಬರು. ನಮ್ಮ ಅಜ್ಜ ಇಡೀ ಸರ್ವಿಸನ್ನು ಪಿಂಪ್ರಿಯ ಹಿಂದುಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆಯಲ್ಲಿ ಕಳೆದವರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ 1954ರಲ್ಲಿ ಹುಟ್ಟಿದ ಸರಕಾರಿ ಕಾರ್ಖಾನೆ ಅದು. ಪೆನಿಸಿಲಿನ್ ನಮ್ಮ ದೇಶದಲ್ಲೇ ತಯಾರಾಗಬೇಕೆಂಬುದು ಅದರ ಮೂಲ ಉದ್ದೇಶ. ತಾನು ಶೀಶೆ ತುಂಬಿಸಿದ ಔಷಧಿಯಿಂದ ಎಷ್ಟು ಬಾಣಂತಿಯರು ಬದುಕಿದರೋ ಎಂದು ಅಜ್ಜ ಈಗಲೂ ಲೆಕ್ಕ ಹಾಕುತ್ತ ಕೂಡುತ್ತಾರೆ.

ಕಳೆದ ಮಳೆಗಾಲದಲ್ಲಿ ಅದೇ ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಶನ್ ಚೆನ್ನಾಗಿಯೇ ಆಯಿತು. ಆರನೆಯ ದಿನ ಸಂಜೆ ಮಂಚವೇ ಅಲ್ಲಾಡುವಂಥ ಚಳಿ ಹತ್ತಿತು, ಆಮೇಲೆ ಜ್ವರ, ಆಮೇಲೆ ಮಾತು ತಪ್ಪತೊಡಗಿತು. ಆಪರೇಶನ್ ಆದ ಕಾಲಲ್ಲಿ ಏನೂ ಇರಲಿಲ್ಲ. ಎಡಗೈಯಲ್ಲಿ ಸಲಾಯಿನ್ ಸೂಜಿ ಚುಚ್ಚಿದ ಜಾಗ ಕೆಂಪಗೆ ಊದಿಕೊಂಡಿತ್ತು. ಅಲ್ಲಿಂದ ರಕ್ತಕ್ಕೆ ನಂಜೇರಿತ್ತು. ಎರಡೂ ಕೈಗಳಿಂದ ರಕ್ತ ತೆಗೆದು ಕಲ್ಚರ್ ಬಾಟಲಿಗಳಿಗೆ ಹಾಕಿ, ಅಜ್ಜನನ್ನು ಐಸಿಯುಗೆ ಒಯ್ದರು.

ಮೂರನೆಯ ದಿನ ರಿಪೋರ್ಟು ಬಂತು. ನಾನು ಎಂ.ಎಸ್‌ಸಿ. ಮೈಕ್ರೋಬಯಾಲಜಿಯ ವಿದ್ಯಾರ್ಥಿ. ಇಂಥ ರಿಪೋರ್ಟುಗಳನ್ನು ಪ್ರಾಕ್ಟಿಕಲ್ಲಿನಲ್ಲಿ ಎಷ್ಟೋ ಬರೆದಿದ್ದೇನೆ. ಎಡಗಡೆ ಔಷಧಿಗಳ ಹೆಸರು, ಬಲಗಡೆ ಎಸ್ ಅಥವಾ ಆರ್. ಎಸ್ ಎಂದರೆ ರೋಗಾಣು ಆ ಔಷಧಿಗೆ ಬಗ್ಗುತ್ತದೆ, ಆರ್ ಎಂದರೆ ಬಗ್ಗುವುದಿಲ್ಲ. ಆದರೆ ಹಾಳೆಯ ಮೇಲ್ಭಾಗದಲ್ಲಿ ಪರಿಚಯದವರ ಹೆಸರಿದ್ದದ್ದನ್ನು ನೋಡಿದ್ದು ಅದೇ ಮೊದಲು. ರೋಗಾಣು: ಸ್ಟ್ಯಾಫಿಲೊಕಾಕಸ್ ಆರಿಯಸ್. ಪೆನಿಸಿಲಿನ್ ಎದುರಿಗೆ ಆರ್. ಆಕ್ಸಾಸಿಲಿನ್ ಎದುರಿಗೂ ಆರ್. ಕೆಳಗೆ ವ್ಯಾಂಕೊಮೈಸಿನ್ ಎದುರಿಗೆ ಎಸ್ ಇದ್ದದ್ದು ನಮ್ಮ ಪುಣ್ಯ.

ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಕಳೆದ ದಿನಗಳಲ್ಲಿ ನಾನು ಫ್ಲೆಮಿಂಗರ ಜೀವನವನ್ನು ಮತ್ತೆ ಓದಿದೆ. ಸಂಘದ ಪತ್ರಿಕೆಗೆ ಒಬ್ಬ ಮಹನೀಯರ ಚರಿತ್ರೆ ಬರೆದುಕೊಡುತ್ತೇನೆಂದು ಒಪ್ಪಿಕೊಂಡಿದ್ದೆ, ಸುಳ್ಳು ಯಾಕ ಹೇಳಲಿ, ಕುಮಾರವ್ಯಾಸನ ಬಗ್ಗೆ ಬರೆಯುವವನಿದ್ದೆ. ಆ ರಿಪೋರ್ಟು ನೋಡಿದ ಮೇಲೆ ಮನಸ್ಸು ಬೇರೆಡೆ ಹೋಗಲಿಲ್ಲ.

ಮೊದಲು ಒಂದು ಕಸ ಗುಡಿಸಿಬಿಡುತ್ತೇನೆ. ಫ್ಲೆಮಿಂಗರ ತಂದೆ ಕೆಸರಿನಲ್ಲಿ ಮುಳುಗುತ್ತಿದ್ದ ಬಾಲಕ ಚರ್ಚಿಲ್ಲನನ್ನು ಎತ್ತಿ ಬದುಕಿಸಿದರು, ಅದಕ್ಕಾಗಿ ಚರ್ಚಿಲ್ಲನ ತಂದೆ ಇವರನ್ನು ಓದಿಸಿದರು, ಮುಂದೆ ಇವರ ಪೆನಿಸಿಲಿನ್ನೇ ಚರ್ಚಿಲ್ಲನ ಪ್ರಾಣ ಉಳಿಸಿತು ಎಂಬ ಕಥೆಯನ್ನು ನೀವೂ ಕೇಳಿರುತ್ತೀರಿ. ನಮ್ಮ ಅಂತರ ಕಾಲೇಜು ಭಾಷಣ ಸ್ಪರ್ಧೆಯಲ್ಲಿ ಇದಕ್ಕೆ ಬಹುಮಾನವೂ ಬಂದಿದೆ! ಕಥೆ ಪೂರ್ತಿ ಸುಳ್ಳು. ಚರ್ಚಿಲ್ಲನಿಗೆ 1943ರಲ್ಲಿ ನ್ಯುಮೋನಿಯಾ ಆದಾಗ ಕೊಟ್ಟದ್ದು ಸಲ್ಫಾ ಗುಳಿಗೆ. ಫ್ಲೆಮಿಂಗರನ್ನು ಓದಿಸಿದ್ದು ಯಾವ ಶ್ರೀಮಂತನೂ ಅಲ್ಲ, ತೀರಿಹೋದ ಒಬ್ಬ ಚಿಕ್ಕಪ್ಪನ ಆಸ್ತಿಯಲ್ಲಿ ಬಂದ ಸಣ್ಣ ಪಾಲು.

ಅವರು ಹುಟ್ಟಿದ್ದು 1881ರ ಆಗಸ್ಟ್ 6ರಂದು, ಸ್ಕಾಟ್ಲೆಂಡಿನ ಏರ್‌ಶೈರ್ ಸೀಮೆಯ ಲಾಕ್‌ಫೀಲ್ಡ್ ಎಂಬ ಒಕ್ಕಲುಮನೆಯಲ್ಲಿ. ಒಕ್ಕಲುತನ, ಕುರಿ, ದನ, ಮನೆ ತುಂಬ ಮಕ್ಕಳು. ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಹದಿಮೂರು, ಹದಿನಾಲ್ಕರ ಹೊತ್ತಿಗೆ ಲಂಡನ್ನಿಗೆ ಬಂದು ಅಣ್ಣನ ಮನೆ ಸೇರಿದರು. ನಾಲ್ಕು ವರ್ಷ ಹಡಗು ಕಂಪನಿಯೊಂದರಲ್ಲಿ ಗುಮಾಸ್ತಿಕೆ. ಊರು ಬಿಟ್ಟು ಬಂದು ದೊಡ್ಡ ಶಹರದಲ್ಲಿ ಅಣ್ಣನ ಮನೆಯಲ್ಲಿದ್ದು ಕಾರಕೂನಿಕೆ ಮಾಡುವುದೆಂದರೆ ಏನೆಂದು ಪುಣೆಯ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1901ರಲ್ಲಿ ಆ ಆಸ್ತಿಯ ಪಾಲು ಕೈಗೆ ಬಂದಾಗ ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯಕೀಯ ಶಾಲೆ ಸೇರಿದರು. ಲಂಡನ್ನಿನಲ್ಲಿ ಅಂಥ ಶಾಲೆಗಳು ಬೇಕಾದಷ್ಟಿದ್ದವು. ಇದನ್ನೇ ಆರಿಸಿದ್ದಕ್ಕೆ ಕಾರಣ, ಹಿಂದೊಮ್ಮೆ ಇದರ ತಂಡದ ವಿರುದ್ಧ ವಾಟರ್ ಪೋಲೊ ಆಡಿದ್ದರು, ಅಷ್ಟೆ. ಪಾಸಾದ ಮೇಲೆ ಅಲ್ಲೇ ಉಳಿದದ್ದೂ ಆಟದಿಂದಲೇ. ಒಳ್ಳೆಯ ಗುರಿಕಾರ, ಇಂಥವನು ಕೈಬಿಡಬಾರದೆಂದು ರೈಫಲ್ ಕ್ಲಬ್ಬಿನವರೊಬ್ಬರು ಆಲ್ಮ್‌ರಾತ್ ರೈಟ್ ಎಂಬ ದೊಡ್ಡ ವಿಜ್ಞಾನಿಯ ಪ್ರಯೋಗಾಲಯದಲ್ಲಿ 1906ರಲ್ಲಿ ಜಾಗ ಕೊಡಿಸಿದರು. ಸರ್ಜನ್ ಆಗಬೇಕೆಂದಿದ್ದವರು ಕೊನೆತನಕ ಆ ಆಸ್ಪತ್ರೆಯಲ್ಲಿ ರೋಗಾಣುಗಳ ಜೊತೆಗೇ ಉಳಿದರು. ಕುಳ್ಳ ಆಳು, ಮಾತು ಬಲು ಕಡಿಮೆ. ಪಾಠ ಮಾಡಲು ನಿಂತರೆ ಅರ್ಧ ಗಂಟಲಲ್ಲೇ ಉಳಿಯುತ್ತಿತ್ತಂತೆ. ತಮಾಷೆಗೆ ಬಣ್ಣಬಣ್ಣದ ಬ್ಯಾಕ್ಟೀರಿಯಾಗಳನ್ನು ತಟ್ಟೆಯಲ್ಲಿ ಬೆಳೆಸಿ ಅವುಗಳಿಂದಲೇ ಚಿತ್ರ ಬರೆಯುತ್ತಿದ್ದರು.

ಎಲ್ಲರೂ ಇಲ್ಲಿಂದ ನೇರ 1928ಕ್ಕೆ ಹಾರುತ್ತಾರೆ. ನನಗೆ ಮುಖ್ಯವೆನಿಸಿದ್ದು ಅದಕ್ಕೂ ಹಿಂದಿನ ಯುದ್ಧದ ವರ್ಷಗಳು.

1914ರ ಮಹಾಯುದ್ಧದಲ್ಲಿ ರೈಟ್ ತಮ್ಮವರನ್ನು ಕಟ್ಟಿಕೊಂಡು ಫ್ರಾನ್ಸಿನ ಬುಲೋನ್ ಪಟ್ಟಣಕ್ಕೆ ಹೋದರು. ಜೂಜಾಡುವ ಕ್ಯಾಸಿನೊ ಒಂದನ್ನು ಆಸ್ಪತ್ರೆ ಮಾಡಿದ್ದರು. ಅದರ ಮೇಲಟ್ಟದಲ್ಲಿ ಇವರ ಪ್ರಯೋಗಾಲಯ. ಕಂದಕಗಳಿಂದ ಗಾಯಾಳುಗಳು ಬರುತ್ತಲೇ ಇದ್ದರು. ಗುಂಡಿನ ಜೊತೆ ಮಣ್ಣು, ಅಂಗಿಯ ಚಿಂದಿ, ಕುದುರೆಯ ಲದ್ದಿ ಎಲ್ಲವೂ ಮಾಂಸದೊಳಗೆ. ಗುಂಡಿಗೆ ಸಾಯದವರು ನಂಜಿಗೆ ಸಾಯುತ್ತಿದ್ದರು. ಡಾಕ್ಟರರು ಗಾಯಕ್ಕೆ ಕಟುವಾದ ನಂಜುನಾಶಕ ಸುರಿಯುತ್ತಿದ್ದರು. ಫ್ಲೆಮಿಂಗ್ ಗಾಜಿನ ಕೊಳವೆಯನ್ನು ಕಾಯಿಸಿ, ಎಳೆದು, ಅದಕ್ಕೆ ಮುಳ್ಳು ಮುಳ್ಳಾಗಿ ಪೊಳ್ಳು ಕೊಂಬುಗಳನ್ನು ಮಾಡಿ ಒಂದು ಸುಳ್ಳುಗಾಯವನ್ನೇ ಕಟ್ಟಿದರು. ನಂಜುನಾಶಕ ಆ ಮೂಲೆಗಳಿಗೆ ಇಳಿಯುವುದೇ ಇಲ್ಲ, ಅಡಗಿದ ರೋಗಾಣು ಮತ್ತೆ ಹುಲುಸಾಗಿ ಬೆಳೆಯುತ್ತದೆ ಎಂದು ತೋರಿಸಿದರು. ಅದಕ್ಕಿಂತ ಕಹಿಯಾದ ಸಂಗತಿ ಇನ್ನೊಂದು: ಆ ದ್ರವ ರೋಗಾಣುವಿಗಿಂತ ಮೊದಲು ನಮ್ಮ ರಕ್ತದ ಬಿಳಿಕಣಗಳನ್ನೇ ಕೊಲ್ಲುತ್ತಿತ್ತು. ಹೊಲಕ್ಕೆ ನುಗ್ಗಿದ ಹಂದಿ ಓಡಿಸಲು ಹೋಗಿ ಕಾವಲಿನ ನಾಯಿಯನ್ನೇ ಹೊಡೆದಂತೆ.

ಅಲ್ಲಿಯೇ ಅವರು ಇನ್ನೊಂದನ್ನೂ ಗಮನಿಸಿದರು. ಆಸ್ಪತ್ರೆಗೆ ಬಂದಾಗ ಗಾಯದಲ್ಲಿ ಇಲ್ಲದ ಸ್ಟ್ರೆಪ್ಟೊಕಾಕಸ್, ಕೆಲದಿನ ಅಲ್ಲಿ ಮಲಗಿದ ಮೇಲೆ ಸೇರಿಕೊಂಡಿರುತ್ತಿತ್ತು. ಎಂದರೆ ಗುಣವಾಗಲು ಬಂದ ಜಾಗದಲ್ಲೇ, ಹಾಸಿಗೆಯಿಂದ ಹಾಸಿಗೆಗೆ ನಂಜು ದಾಟುತ್ತಿತ್ತು. ಇದನ್ನು 1919ರಲ್ಲಿ ಪ್ರಕಟಿಸಿದರು ಕೂಡ. ಬೆಂಚಿನ ಮೇಲೆ ಕೂತು ಈ ಪುಟ ಓದುವಾಗ ನನಗೆ ಅಜ್ಜನ ಎಡಗೈ ಕಣ್ಣ ಮುಂದೆ ಬಂತು. ವಾರ್ಡಿನಲ್ಲಿ ಆ ಕೈಯನ್ನು ಎಷ್ಟು ಜನ ಮುಟ್ಟಿದ್ದರು! ನಾನೂ ಮುಟ್ಟಿದ್ದೆ. ಬಸ್ಸಿನಿಂದ ಇಳಿದು ನೇರ ಬಂದು, ಕೈ ತೊಳೆಯದೆ.

1921ರಲ್ಲಿ ನೆಗಡಿಯಾದಾಗ ತಮ್ಮ ಮೂಗಿನ ಸಿಂಬಳವನ್ನೇ ತಟ್ಟೆಗೆ ಹಾಕಿ ನೋಡಿ, ಬ್ಯಾಕ್ಟೀರಿಯಾವನ್ನು ಕರಗಿಸುವ ವಸ್ತುವೊಂದು ಅದರಲ್ಲಿದೆಯೆಂದು ಕಂಡುಹಿಡಿದರು. ಅದು ಲೈಸೊಝೈಮ್. ಕಣ್ಣೀರಿನಲ್ಲೂ ಇತ್ತು. ಕಣ್ಣೀರು ಬೇಕೆಂದು ಕಣ್ಣಿಗೆ ನಿಂಬೆಹಣ್ಣು ಹಿಂಡಿಸುವ ಕೆಲಸ ಪ್ರಯೋಗಾಲಯದಲ್ಲಿ ಶುರುವಾಯಿತು. ಪಾಪ, ಆ ವಸ್ತು ಸಾಧು ರೋಗಾಣುಗಳನ್ನು ಮಾತ್ರ ಕೊಲ್ಲುತ್ತಿತ್ತು, ದುಷ್ಟರನ್ನಲ್ಲ.

ಇನ್ನು 1928. ಫ್ಲೆಮಿಂಗ್ ಆಗ ಒಂದು ದೊಡ್ಡ ಗ್ರಂಥಕ್ಕಾಗಿ ಸ್ಟ್ಯಾಫಿಲೊಕಾಕಸ್ ಬಗ್ಗೆ ಅಧ್ಯಾಯ ಬರೆಯುತ್ತಿದ್ದರು. ಗ್ರೀಕಿನಲ್ಲಿ ಸ್ಟ್ಯಾಫಿಲೆ ಎಂದರೆ ದ್ರಾಕ್ಷಿ ಗೊಂಚಲು. ಸೂಕ್ಷ್ಮದರ್ಶಕದಲ್ಲಿ ನೋಡ್ರಿ, ಥೇಟ್ ನಮ್ಮ ವಿಜಯಪುರದ ಕಡೆಯ ದ್ರಾಕ್ಷಿಯ ಗೊಂಚಲೇ. ಮೂಗಿನಲ್ಲಿ, ಚರ್ಮದ ಮೇಲೆ ನಮ್ಮಲ್ಲಿ ಎಷ್ಟೋ ಜನರ ಬಳಿ ಸುಮ್ಮನೆ ಬಾಡಿಗೆಗಿರುತ್ತದೆ. ಚರ್ಮ ಹರಿದು ಒಳದಾರಿ ಸಿಕ್ಕಿತೋ, ಕುರುವಿನಿಂದ ಹಿಡಿದು ರಕ್ತದ ನಂಜಿನವರೆಗೆ ಎಲ್ಲ ಮಾಡುತ್ತದೆ. ರಜೆಗೆ ಹೋಗುವಾಗ ಅದರ ತಟ್ಟೆಗಳನ್ನು ಮೇಜಿನ ಮೂಲೆಯಲ್ಲಿ ಪೇರಿಸಿಟ್ಟು ಹೋದರು. ಸಪ್ಟಂಬರ್ 3ಕ್ಕೆ ಮರಳಿ ಬಂದು ಒಂದೊಂದೇ ನೋಡುತ್ತಿದ್ದಾಗ ಒಂದರಲ್ಲಿ ಬೂಷ್ಟು ಬಂದಿತ್ತು. ಅದರ ಸುತ್ತ ಸ್ಟ್ಯಾಫಿಲೊಕಾಕಸ್ ಕರಗಿ ಹೋಗಿತ್ತು. ಮುಂದಿನದು ನಿಮಗೆ ಶಾಲೆಯ ಪುಸ್ತಕದಿಂದಲೇ ಗೊತ್ತು. ಬೂಷ್ಟಿನ ರಸಕ್ಕೆ 1929ರ ಮಾರ್ಚಿನಲ್ಲಿ ಪೆನಿಸಿಲಿನ್ ಎಂದು ಹೆಸರಿಟ್ಟರು.

ಆದರೆ ಆ ವರ್ಷ ಅವರು ಪ್ರಕಟಿಸಿದ ಲೇಖನದಲ್ಲಿ ಒಂದು ಸಂಗತಿಯಿದೆ. ಪೆನಿಸಿಲಿನ್ನಿಗೆ ಬಗ್ಗುವ ರೋಗಾಣುಗಳ ಪಟ್ಟಿಯ ಜೊತೆಗೆ ಬಗ್ಗದವುಗಳ ಪಟ್ಟಿಯನ್ನೂ ಕೊಟ್ಟಿದ್ದರು. ಅಷ್ಟೇ ಅಲ್ಲ, ಅದಕ್ಕೊಂದು ಉಪಯೋಗವನ್ನೂ ಹೇಳಿದ್ದರು. ಕಫದಲ್ಲಿರುವ ಇನ್‌ಫ್ಲುಯೆಂಝಾ ಬ್ಯಾಸಿಲಸ್ ಎಂಬ ರೋಗಾಣುವನ್ನು ಬೇರ್ಪಡಿಸಿ ಬೆಳೆಸುವುದು ಕಷ್ಟ. ಉಳಿದವು ಅದನ್ನು ಮುಚ್ಚಿಬಿಡುತ್ತವೆ. ತಟ್ಟೆಗೆ ಪೆನಿಸಿಲಿನ್ ಹಾಕಿದರೆ ಉಳಿದವು ಸತ್ತು, ಪೆನಿಸಿಲಿನ್ನಿಗೆ ಜಗ್ಗದ ಇದೊಂದೇ ನಿರಾತಂಕವಾಗಿ ಬೆಳೆಯುತ್ತದೆ. ಗಮನಿಸಿ, ಪೆನಿಸಿಲಿನ್ನನ್ನು ಜಗತ್ತಿನಲ್ಲಿ ಮೊದಲು ದಿನನಿತ್ಯದ ಕೆಲಸಕ್ಕೆ ಬಳಸಿದ್ದು ಹೀಗೆ: ಜಗ್ಗುವವನ್ನು ಕೊಂದು ಜಗ್ಗದವನಿಗೆ ಹೊಲ ತೆರವು ಮಾಡಿಕೊಡುವುದಕ್ಕೆ. ಮುಂದೆ ಆಸ್ಪತ್ರೆಗಳಲ್ಲಿ ನಡೆದದ್ದೂ ಇದೇ, ತಟ್ಟೆಯ ಬದಲು ಮನುಷ್ಯನ ಮೈ.

ಔಷಧಿಯನ್ನಾಗಿ ಮಾಡಲು ಫ್ಲೆಮಿಂಗರಿಂದ ಆಗಲಿಲ್ಲ. ಅವರ ಇಬ್ಬರು ಸಹಾಯಕರು ಹೆಣಗಿದರು; ರಸ ನಿಲ್ಲುತ್ತಿರಲಿಲ್ಲ, ಕೆಟ್ಟುಹೋಗುತ್ತಿತ್ತು. ಆ ಬೂಷ್ಟನ್ನು ಉಳಿಸಿಟ್ಟುಕೊಂಡು, ಕೇಳಿದವರಿಗೆ ಕೊಡುತ್ತ ಹತ್ತು ವರ್ಷ ಕಳೆದರು. ಕೆಲಸ ಮುಗಿಸಿದ್ದು ಆಕ್ಸ್‌ಫರ್ಡಿನ ಫ್ಲೋರಿ, ಚೈನ್, ಹೀಟ್ಲಿ ಮತ್ತು ಅವರ ಸಂಗಡಿಗರು. ನಮ್ಮ ಅಜ್ಜನ ಗೋಡೆಯ ಮೇಲೆ ಇವರ ಫೋಟೊ ಇಲ್ಲದ್ದು ಅನ್ಯಾಯವೇ. 1940ರ ಮೇ 25ರಂದು ಎಂಟು ಇಲಿಗಳಿಗೆ ಸ್ಟ್ರೆಪ್ಟೊಕಾಕಸ್ ಚುಚ್ಚಿ ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಔಷಧಿ ಸಿಗದ ನಾಲ್ಕೂ ಸತ್ತಿದ್ದವು.

ಅದೇ ವರ್ಷದ ಡಿಸೆಂಬರಿನಲ್ಲಿ ಏಬ್ರಹಾಂ ಮತ್ತು ಚೈನ್ ಇನ್ನೊಂದು ಸುದ್ದಿ ಪ್ರಕಟಿಸಿದರು: ಕೆಲ ಬ್ಯಾಕ್ಟೀರಿಯಾಗಳು ಪೆನಿಸಿಲಿನ್ನನ್ನು ಕತ್ತರಿಸಿ ಹಾಕುವ ಕಿಣ್ವವೊಂದನ್ನು ತಯಾರಿಸುತ್ತವೆ. ಅಂದರೆ ಔಷಧಿ ಇನ್ನೂ ರೋಗಿಯ ಮೈ ಸೇರಿರಲಿಲ್ಲ, ಅದನ್ನು ಮುರಿಯುವ ಕತ್ತರಿ ಆಗಲೇ ಸಿಕ್ಕಿತ್ತು!

ಆ ರೋಗಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೋಲಿಸ್. ಗುಲಾಬಿ ಮುಳ್ಳು ತರಚಿ ನಂಜಾಯಿತೆಂದು ಪುಸ್ತಕಗಳು ಬರೆಯುತ್ತವೆ, ಬಾಂಬು ದಾಳಿಯಲ್ಲಿ ಆದ ಗಾಯವೆಂಬ ಮಾತೂ ಇದೆ. ಮುಖವೆಲ್ಲ ಕೀವು, ಒಂದು ಕಣ್ಣು ತೆಗೆಯಬೇಕಾಗಿತ್ತು. ನಂಜು ರಕ್ತದ ಮೂಲಕ ಮೈಯೆಲ್ಲ ಹಬ್ಬಿತ್ತು. 1941ರ ಫೆಬ್ರವರಿ 12ರಂದು ಪೆನಿಸಿಲಿನ್ ಶುರು ಮಾಡಿದರು. ಜ್ವರ ಇಳಿಯಿತು, ಊಟ ಸೇರತೊಡಗಿತು. ಔಷಧಿ ಇದ್ದದ್ದೇ ಚೂರು. ಅವನ ಮೂತ್ರದಿಂದ ಅದನ್ನು ಮತ್ತೆ ಬೇರ್ಪಡಿಸಿ ಅವನಿಗೇ ಕೊಟ್ಟರು. ಐದು ದಿನಕ್ಕೆ ಅದೂ ತೀರಿತು. ನಂಜು ಮರಳಿ ಬಂತು. ಮಾರ್ಚ್ 15ರಂದು ಅವನು ಸತ್ತ. ಈ ಭಾಗವನ್ನು ನಾನು ಓದಿದ್ದು ಅಜ್ಜನ ವ್ಯಾಂಕೊಮೈಸಿನ್ನಿನ ಎರಡನೆಯ ದಿನ, ಜ್ವರ ಇನ್ನೂ ಇಳಿಯದಿದ್ದಾಗ. ಪುಸ್ತಕ ಮುಚ್ಚಿ ಕೆಳಗೆ ಹೋಗಿ ಚಹಾ ಕುಡಿದು ಬಂದೆ.

1942ರ ಆಗಸ್ಟಿನಲ್ಲಿ ಫ್ಲೆಮಿಂಗರ ಪರಿಚಯದವನೊಬ್ಬನಿಗೆ ಮೆದುಳುಪೊರೆಯ ನಂಜಾಗಿ ಸಾಯುವ ಸ್ಥಿತಿ ಬಂತು. ಫ್ಲೋರಿಯವರಿಂದ ಔಷಧಿ ತರಿಸಿ, ಬೆನ್ನುಹುರಿಯ ದ್ರವಕ್ಕೇ ಚುಚ್ಚಿದರು. ಅವನು ಎದ್ದು ಕೂತ. ಪತ್ರಿಕೆಗಳಿಗೆ ಸುದ್ದಿ ಸಿಕ್ಕಿತು. ಫ್ಲೋರಿ ಪತ್ರಕರ್ತರನ್ನು ಬಾಗಿಲಿಂದಲೇ ಕಳಿಸುವವರು, ಫ್ಲೆಮಿಂಗ್ ಒಳಗೆ ಕರೆಯುವವರು. ಹೀಗಾಗಿ ಕೀರ್ತಿ ಯಾರ ಪಾಲಿಗೆ ಹೆಚ್ಚು ಬಂತೆಂದು ಬೇರೆ ಹೇಳಬೇಕಿಲ್ಲ. 1944ರಲ್ಲಿ ಸರ್ ಪದವಿ. 1945ರಲ್ಲಿ ಫ್ಲೋರಿ, ಚೈನ್ ಜೊತೆ ನೊಬೆಲ್ ಪಾರಿತೋಷಕ.

ಸನ್ಮಾನ ಸ್ವೀಕರಿಸಲು ನಿಂತವರು ಸಾಮಾನ್ಯವಾಗಿ ಒಳ್ಳೆಯ ಮಾತು ಆಡಿ ಕೂಡುತ್ತಾರೆ. 1945ರ ಡಿಸೆಂಬರ್ 11ರ ನೊಬೆಲ್ ಭಾಷಣದ ಕೊನೆಗೆ ಫ್ಲೆಮಿಂಗ್ ಒಂದು ಕಲ್ಪಿತ ಕಥೆ ಹೇಳಿದರು. ಹೆಸರಿಲ್ಲದ ಒಬ್ಬ ಗೃಹಸ್ಥ. ಅವನಿಗೆ ಗಂಟಲು ನೋವು. ಪೆನಿಸಿಲಿನ್ ತಾನೇ ಕೊಂಡು ತರುತ್ತಾನೆ. ರೋಗಾಣು ಸಾಯುವಷ್ಟಲ್ಲ, ಔಷಧಿಗೆ ಪಳಗುವಷ್ಟು ಮಾತ್ರ ತೆಗೆದುಕೊಳ್ಳುತ್ತಾನೆ. ಆ ಪಳಗಿದ ರೋಗಾಣು ಹೆಂಡತಿಗೆ ಅಂಟುತ್ತದೆ. ಅವಳಿಗೆ ನ್ಯುಮೋನಿಯಾ ಆಗುತ್ತದೆ, ಪೆನಿಸಿಲಿನ್ ನಾಟುವುದಿಲ್ಲ, ಸಾಯುತ್ತಾಳೆ. ಆ ಸಾವಿಗೆ ಗಂಡನನ್ನೇ ಹೊಣೆ ಮಾಡಿದರು ಫ್ಲೆಮಿಂಗ್.

ವಿದ್ಯಾರ್ಥಿಯಾಗಿ ನಾನಿಲ್ಲಿ ಒಂದು ತಕರಾರು ಎತ್ತಲೇಬೇಕು. ಕಥೆಯಲ್ಲಿ ಅವರು ಬಳಸಿದ ರೋಗಾಣು ಸ್ಟ್ರೆಪ್ಟೊಕಾಕಸ್. ವಿಚಿತ್ರವೆಂದರೆ ಗಂಟಲುನೋವಿನ ಆ ಸ್ಟ್ರೆಪ್ಟೊಕಾಕಸ್ ಇವತ್ತಿಗೂ ಪೆನಿಸಿಲಿನ್ನಿಗೆ ಬಗ್ಗುತ್ತದೆ. ಇನ್ನೊಂದು, ಕಡಿಮೆ ತೆಗೆದುಕೊಳ್ಳುವುದಷ್ಟೇ ತಪ್ಪಲ್ಲ, ಬೇಡದಿದ್ದಾಗ ತೆಗೆದುಕೊಳ್ಳುವುದೂ ಅದೇ ಕೆಲಸ ಮಾಡುತ್ತದೆ. ಜಗ್ಗದ ಒಂದೆರಡು ಮೊದಲೇ ಗುಂಪಿನಲ್ಲಿ ಇರುತ್ತವೆ, ಔಷಧಿ ಅವುಗಳ ನೆರೆಹೊರೆಯನ್ನು ಗುಡಿಸಿ ಹಾಕುತ್ತದೆ. ಆದರೆ ಸ್ಟ್ಯಾಫಿಲೊಕಾಕಸ್ ವಿಷಯದಲ್ಲಿ ಅವರ ಭಯ ಎಷ್ಟು ಬೇಗ ನಿಜವಾಯಿತೆಂದರೆ, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಎಂಬಾಕೆ ರೋಗಿಗಳಿಂದ ತೆಗೆದ ಸ್ಟ್ಯಾಫಿಲೊಕಾಕಸ್‌ಗಳನ್ನು ವರ್ಷ ವರ್ಷ ಎಣಿಸುತ್ತ ಹೋದರು. 1948ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚಿನವು ಪೆನಿಸಿಲಿನ್ನಿಗೆ ಜಗ್ಗುತ್ತಿರಲಿಲ್ಲ. ಫ್ಲೆಮಿಂಗ್ ಆಗ ಜಗತ್ತು ಸುತ್ತುತ್ತ, ಹಾರ ಹಾಕಿಸಿಕೊಳ್ಳುತ್ತ, ರಾಜರಾಣಿಯರಿಗೆ ಗಾಜಿನೊಳಗಿಟ್ಟ ಬೂಷ್ಟಿನ ಚೂರನ್ನು ನೆನಪಿನ ಕಾಣಿಕೆಯಾಗಿ ಕೊಡುತ್ತಿದ್ದರು.

1949ರಲ್ಲಿ ಹೆಂಡತಿ ಸಾರಾ ತೀರಿಕೊಂಡರು. 1953ರಲ್ಲಿ ತಮ್ಮ ಪ್ರಯೋಗಾಲಯದಲ್ಲೇ ಕೆಲಸ ಮಾಡಿದ್ದ ಗ್ರೀಸಿನ ಡಾಕ್ಟರ್ ಅಮಾಲಿಯಾ ಅವರನ್ನು ಮದುವೆಯಾದರು. 1955ರ ಮಾರ್ಚ್ 11ರಂದು ಹೃದಯಾಘಾತದಿಂದ ಲಂಡನ್ನಿನಲ್ಲಿ ನಿಧನರಾದರು. ಚಿತಾಭಸ್ಮ ಸೇಂಟ್ ಪಾಲ್ ಚರ್ಚಿನ ನೆಲಮಾಳಿಗೆಯಲ್ಲಿದೆ. ಆ ಕಿಣ್ವದ ಕತ್ತರಿಗೆ ಸಿಗದಂಥ ಮೆಥಿಸಿಲಿನ್ 1960ರಲ್ಲಿ ಬಂದದ್ದನ್ನೂ, ಮರುವರ್ಷವೇ ಇಂಗ್ಲೆಂಡಿನಲ್ಲಿ ಅದಕ್ಕೂ ಜಗ್ಗದ ಸ್ಟ್ಯಾಫಿಲೊಕಾಕಸ್ ವರದಿಯಾದದ್ದನ್ನೂ ಅವರು ನೋಡಲಿಲ್ಲ. ಈ ಸಲ ರೋಗಾಣು ಕತ್ತರಿ ಹಿಡಿಯಲಿಲ್ಲ, ಔಷಧಿ ಬಂದು ಕೂಡುವ ಬೀಗವನ್ನೇ ಬದಲಾಯಿಸಿತು. ಅಜ್ಜನ ರಕ್ತದಲ್ಲಿ ಬೆಳೆದದ್ದು ಆ ಜಾತಿಯದು. ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಪ್ರಪಂಚದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು ಅಂದಾಜಿದೆ. ಐಸಿಯು ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದವರಲ್ಲಿ ಇಬ್ಬರು ಅಳುತ್ತಲೇ ಊರಿಗೆ ಹೋದರು.

ಈಗ ಹೇಳದೆ ಬಿಟ್ಟ ಒಂದು ಮಾತು. ನಮ್ಮ ಮನೆಯಲ್ಲಿ ಒಂದು ಬಿಸ್ಕಿಟ್ಟಿನ ಡಬ್ಬಿಯಿದೆ. ಅದರಲ್ಲಿ ಉಳಿದ ಕ್ಯಾಪ್ಸೂಲು, ಅರ್ಧ ಸ್ಟ್ರಿಪ್ಪುಗಳು. ಪೆನಿಸಿಲಿನ್ ಫ್ಯಾಕ್ಟರಿಯವರೆಂದು ಅಜ್ಜ ಓಣಿಗೆಲ್ಲ ಅರ್ಧ ಡಾಕ್ಟರು. ಯಾರಿಗೆ ಗಂಟಲು ಕೆರೆದರೂ ಎರಡು, ನೆಗಡಿಗೆ ಎರಡು, ಭೇದಿಗೆ ಎರಡು. ಕೆಲವು ಔಷಧಿಗಳನ್ನು ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂಬ ಎಚ್-ಒನ್ ನಿಯಮ 2014ರಿಂದ ಜಾರಿಯಲ್ಲಿದೆ, ಆದರೆ ಡಬ್ಬಿಗೆ ಯಾವ ನಿಯಮ? ನಾನು ಮೈಕ್ರೋಬಯಾಲಜಿ ಓದುತ್ತಿದ್ದೂ ಪರೀಕ್ಷೆಯ ದಿನಗಳಲ್ಲಿ ಆ ಡಬ್ಬಿಗೆ ಕೈಹಾಕಿದವನೇ. ನೊಬೆಲ್ ಭಾಷಣದ ಹೆಸರಿಲ್ಲದ ಗೃಹಸ್ಥ ಪಿಂಪ್ರಿಯಲ್ಲಿ ನಮ್ಮ ಮನೆಯಲ್ಲೇ ಇದ್ದ, ಇಬ್ಬರ ರೂಪದಲ್ಲಿ.

ಅಜ್ಜನ ಆ ರೋಗಾಣು ನಮ್ಮ ಡಬ್ಬಿಯಿಂದ ಬಂತೆಂದು ನಾನು ಹೇಳುತ್ತಿಲ್ಲ. ಅದು ಹೆಚ್ಚಾಗಿ ವಾರ್ಡಿನದೇ. ಆದರೆ ವಾರ್ಡಿಗೆ ಅದು ಎಲ್ಲಿಂದ ಬಂದಿರಬೇಕು?

ನಾಲ್ಕನೆಯ ದಿನ ಜ್ವರ ಇಳಿಯಿತು. ರಕ್ತ ಶುದ್ಧವಾಗಿದೆಯೆಂದು ಎರಡನೆಯ ಕಲ್ಚರ್ ಹೇಳಿದರೂ ಎರಡು ವಾರಕ್ಕೂ ಮಿಕ್ಕಿ ವ್ಯಾಂಕೊಮೈಸಿನ್ ಏರಿಸಿದರು. ಮನೆಗೆ ಬಂದ ಮೇಲೆ ಅಜ್ಜ ರಿಪೋರ್ಟು ತರಿಸಿಕೊಂಡು, ಕನ್ನಡಕ ಏರಿಸಿ, ಸಾಲು ಸಾಲಾಗಿ ಬೆರಳಿಟ್ಟು ಓದಿಸಿದರು. ಪೆನಿಸಿಲಿನ್ ಮುಂದೆ ಬೆರಳು ನಿಂತಿತು. ಸಾಹೇಬರ ತಟ್ಟೆಯೊಳಗಿನ ಹುಳ ಇದೇ ಏನೋ ತಮ್ಮಾ ಎಂದು ಕೇಳಿದರು. ಹೌದು ಅಜ್ಜಾ, ಅದೇ ವಂಶದ್ದು ಎಂದೆ. ಇದು ಜಗ್ಗದೆ ಆಗಿದ್ದು ಯಾವಾಗಿಂದ ಎಂದರು. ನೀವು ಕೆಲಸಕ್ಕೆ ಸೇರುವ ಎಷ್ಟೋ ವರ್ಷ ಮೊದಲಿಂದ ಎಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನೊಬೆಲ್ ಭಾಷಣದ ಕಥೆಯನ್ನು ಮತ್ತೊಮ್ಮೆ ಹೇಳಿಸಿದರು.

ಮುಂದಿನ ವಾರ ಎದುರುಮನೆಯ ಕಾಕು ಗಂಟಲು ನೋವೆಂದು ಬಂದು ಎಂದಿನಂತೆ ಕೈಚಾಚಿದರು. ಅಜ್ಜ ಕೊಡಲಿಲ್ಲ, ಡಾಕ್ಟರರ ಕಡೆ ಹೋಗಿ ತೋರಿಸಿಕೊಂಡು ಬಾ ಎಂದರು. ಇಷ್ಟು ವರ್ಷ ಇಲ್ಲದ್ದು ಈಗೇನು, ನಮಗೆ ಎರಡು ಗುಳಿಗಿ ಭಾರ ಆದವಾ ಎಂದು ಅವರು ಸಿಟ್ಟಾಗಿ ಹೋದರು. ಇನ್ನೂ ನಮ್ಮ ಮನೆಗೆ ಚಹಕ್ಕೆ ಬಂದಿಲ್ಲ.